ಗುಟ್ಟು ಗೊತ್ತಿದ್ದರೂ ಆ ಸಿನಿಮಾ ಮತ್ತೆ ಯಾಕೆ ನೋಡುತ್ತೇವೆ?

ಪಿಜೆ ಬಡಾವಣೆ ಹುಡುಗ, ದಾವಣಗೆರೆ

ಮನಸ್ಸಿನ ಜೊತೆ ಆಟ ಆಡುವ ಥ್ರಿಲ್ಲರ್‌ಗಳ ಬಗ್ಗೆ ಒಂದು ಪ್ರಶ್ನೆ ಇದೆ. ಕೊನೆಗೆ ಬಂದಾಗ ಅಲ್ಲಿಯವರೆಗೆ ನೋಡಿದ್ದನ್ನೆಲ್ಲ ತಲೆಕೆಳಗು ಮಾಡುತ್ತವಲ್ಲ, ಆ ಥರದ ಚಿತ್ರಗಳು. ನನ್ನ ಗೆಳೆಯರಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: "ಟ್ವಿಸ್ಟ್ ಬಂದಾಗ ಶಾಕ್ ಆಗುತ್ತೆ, ಅದಕ್ಕೇ ಇಷ್ಟ." ನನಗೆ ಇದು ಅರ್ಧ ಉತ್ತರ ಅನಿಸುತ್ತದೆ. ಶಾಕ್ ಆಗುವುದು ಒಂದೇ ಸಲ. ಅಷ್ಟೇ ಆಗಿದ್ದರೆ ಗುಟ್ಟು ಗೊತ್ತಾದ ಮೇಲೆ ಆ ಚಿತ್ರದ ಕಡೆ ಯಾರೂ ತಿರುಗಿ ನೋಡಬಾರದಿತ್ತು, ಅಲ್ವಾ?

'ಆಪ್ತಮಿತ್ರ'ವನ್ನೇ ತಗೊಳ್ಳಿ. 1993ರಲ್ಲಿ ಮಲಯಾಳಂನಲ್ಲಿ ಫಾಜಿಲ್ ನಿರ್ದೇಶಿಸಿದ 'ಮಣಿಚಿತ್ರತಾಳ್' ಅದರ ಮೂಲ. ಕನ್ನಡಕ್ಕೆ 2004ರಲ್ಲಿ ಪಿ. ವಾಸು ತಂದರು. ಮರುವರ್ಷ ತಮಿಳಿಗೆ ಹೋಯಿತು, 2007ರಲ್ಲಿ ಹಿಂದಿಗೆ. ಎಲ್ಲ ಕಡೆ ಗುಟ್ಟು ಒಂದೇ. ಬಂಗಲೆಯಲ್ಲಿ ಓಡಾಡುತ್ತಿರುವುದು ದೆವ್ವ ಅಲ್ಲ, ಮನೆಯ ಸೊಸೆ ಗಂಗಾ. ತಾನು ಹಳೆಯ ಕಾಲದ ನರ್ತಕಿ ನಾಗವಲ್ಲಿ ಆಗುತ್ತಿದ್ದೇನೆ ಅಂತ ಅವಳಿಗೇ ಗೊತ್ತಿಲ್ಲ. ಇದು ಈಗ ಸಣ್ಣ ಮಕ್ಕಳಿಗೂ ಗೊತ್ತು. ಆದರೂ ಟಿವಿಯಲ್ಲಿ ಬಂದರೆ ನಮ್ಮ ಮನೆಯಲ್ಲಿ ರಿಮೋಟ್ ಯಾರೂ ಮುಟ್ಟುವುದಿಲ್ಲ.

ನನ್ನ ಅನಿಸಿಕೆ ಇಷ್ಟು. ಒಳ್ಳೆಯ ಟ್ವಿಸ್ಟ್ ನಮಗೆ ಹೊಸ ಸಂಗತಿ ಕೊಡುವುದಕ್ಕಿಂತ ಜಾಸ್ತಿ, ಆಗಲೇ ಕೊಟ್ಟಿದ್ದನ್ನು ಬೇರೆ ಥರ ತೋರಿಸುತ್ತದೆ. 1999ರ 'ದಿ ಸಿಕ್ಸ್ತ್ ಸೆನ್ಸ್' ಚಿತ್ರದಲ್ಲಿ ಒಂದು ಹೋಟೆಲ್ ದೃಶ್ಯ ಇದೆ. ಮದುವೆಯ ದಿನದ ನೆನಪಿಗೆ ಊಟ. ಗಂಡ ತಡವಾಗಿ ಬಂದು ಎದುರು ಕೂರುತ್ತಾನೆ, ಕ್ಷಮೆ ಕೇಳುತ್ತಾನೆ, ಏನೇನೋ ಹೇಳಿಕೊಳ್ಳುತ್ತಾನೆ. ಹೆಂಡತಿ ತಲೆ ಎತ್ತುವುದಿಲ್ಲ. ಬಿಲ್ ಬರುತ್ತದೆ, ಅವನು ಕೈ ಚಾಚುವಷ್ಟರಲ್ಲಿ ಅವಳು ತಗೊಂಡುಬಿಡುತ್ತಾಳೆ. ಒಂದು ಶುಭಾಶಯ ಹೇಳಿ ಎದ್ದು ಹೋಗುತ್ತಾಳೆ. ಮೊದಲ ಸಲ ನೋಡಿದಾಗ, ಪಾಪ, ಗಂಡನ ಮೇಲೆ ಮುನಿಸು ಅಂದುಕೊಳ್ಳುತ್ತೇವೆ. ಎರಡನೇ ಸಲ ನೋಡಿದಾಗ ಗಂಡ ಸತ್ತ ಹೆಂಗಸೊಬ್ಬಳು ಒಬ್ಬಳೇ ಊಟಕ್ಕೆ ಕೂತಿದ್ದಾಳೆ. ಅವಳ ನಟನೆಯಲ್ಲಿ ಒಂದು ಕೂದಲೂ ಬದಲಾಗಿಲ್ಲ. ಬದಲಾಗಿರುವುದು ನಾವು. ನನಗೆ ಶಾಕ್‌ಗಿಂತ ಆ ಎರಡನೇ ಸಲದ ನೋಟವೇ ದೊಡ್ಡದು.

ನಿಮಗೇನು ಅನಿಸುತ್ತದೆ? ಹಳೆಯ ಚಿತ್ರಗಳ ಗುಟ್ಟು ಇಲ್ಲಿ ಬಿಚ್ಚಿ ಮಾತಾಡೋಣ, ತೊಂದರೆ ಇಲ್ಲ. ಹೊಸ ಚಿತ್ರಗಳದ್ದು ದಯವಿಟ್ಟು ಬೇಡ.


ಚಳ್ಳಕೆರೆ ಮೇಷ್ಟ್ರು

ತಮ್ಮಾ, ಪ್ರಶ್ನೆ ಚೆನ್ನಾಗಿದೆ. ಆದರೆ ನೀನು ಟ್ವಿಸ್ಟ್‌ಗೆ ಜಾಸ್ತಿ ಮರ್ಯಾದೆ ಕೊಡುತ್ತಿದ್ದೀಯ. ನಾನು ಟ್ವಿಸ್ಟ್ ಚಿತ್ರಗಳ ಅಭಿಮಾನಿ ಅಲ್ಲ. ಇತ್ತೀಚೆಗಂತೂ ಕೊನೆಗೊಂದು ತಿರುವು ಇಟ್ಟರೆ ಸಾಕು, ನಡುವೆ ಏನು ಬೇಕಾದರೂ ತುರುಕಬಹುದು ಅಂತ ಆಗಿದೆ.

ಥ್ರಿಲ್ಲರ್‌ಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ 1962ರಲ್ಲಿ ಫ್ರೆಂಚ್ ನಿರ್ದೇಶಕ ತ್ರೂಫೋ ಜೊತೆ ದೀರ್ಘವಾಗಿ ಮಾತಾಡಿದ್ದರು. ಆಮೇಲೆ ಅದು ಪುಸ್ತಕ ಆಯಿತು. ಅದರಲ್ಲಿ ಬಾಂಬಿನ ಮಾತು ಬರುತ್ತದೆ. ಇಬ್ಬರು ಮೇಜಿನ ಮುಂದೆ ಕೂತು ಏನೋ ಮಾತಾಡುತ್ತಿದ್ದಾರೆ. ಮೇಜಿನ ಕೆಳಗೆ ಬಾಂಬ್ ಇದೆ. ನೋಡುವವರಿಗೆ ಅದು ಗೊತ್ತಿಲ್ಲದೆ ಸಿಡಿದರೆ ಹದಿನೈದು ಸೆಕೆಂಡಿನ ಅಚ್ಚರಿ. ಮೊದಲೇ ಗೊತ್ತಿದ್ದರೆ ಹದಿನೈದು ನಿಮಿಷದ ಆತಂಕ. ಆಗ ಆ ಇಬ್ಬರ ಸಪ್ಪೆ ಮಾತೂ ನಮಗೆ ಉಸಿರು ಬಿಗಿ ಹಿಡಿಸುತ್ತದೆ. ಎದ್ದು ಹೋಗ್ರಪ್ಪಾ ಅಂತ ಕೂಗಬೇಕು ಅನಿಸುತ್ತದೆ.

ಹಾಗಾಗಿ ನೀನು ಹೇಳುವ 'ಆಪ್ತಮಿತ್ರ' ಮರುಬಾರಿ ನೋಡುವಾಗ ಟ್ವಿಸ್ಟ್ ಚಿತ್ರ ಆಗಿ ಉಳಿಯುವುದೇ ಇಲ್ಲ. ಗಂಗಾಳೇ ಆ ಬಾಂಬ್. ಅವಳು ನಗುತ್ತಾ ಓಡಾಡುವಾಗಲೂ ನಮಗೆ ಗೊತ್ತಿರುತ್ತದೆ. ನಿನಗೆ ಇಷ್ಟ ಆಗುತ್ತಿರುವುದು ಆ ಆತಂಕ. ಅದಕ್ಕೆ ಟ್ವಿಸ್ಟ್‌ನ ಹಂಗು ಬೇಕಿಲ್ಲ.


ದುರ್ಗದವಳು, ಚಿತ್ರದುರ್ಗ

ಮೇಷ್ಟ್ರೇ, ಬಾಂಬಿನ ಮಾತು ಒಪ್ಪುತ್ತೇನೆ. ಆದರೆ ಅಷ್ಟರಲ್ಲೇ ಮುಗಿಯುವುದಿಲ್ಲ. ಮೊದಲೇ ಗೊತ್ತಿದ್ದು ನೋಡುವುದಕ್ಕೂ, ಒಮ್ಮೆ ಮೋಸಹೋಗಿ ಆಮೇಲೆ ಗೊತ್ತಾಗಿ ನೋಡುವುದಕ್ಕೂ ವ್ಯತ್ಯಾಸ ಇದೆ.

ನಮ್ಮ ಕೋಟೆಗೆ ಬಂದವರಿಗೆ ಇದು ಬೇಗ ಅರ್ಥ ಆಗುತ್ತದೆ. ಹತ್ತುವಾಗ ದಾರಿ ನೇರ ಇಲ್ಲ. ಒಂದು ಬಾಗಿಲು ದಾಟಿದರೆ ಎದುರಿಗೆ ಗೋಡೆ, ತಿರುಗಬೇಕು. ಮತ್ತೊಂದು ಬಾಗಿಲು, ಮತ್ತೆ ತಿರುವು. ಮೇಲೆ ಹೋಗುವವರ ಕಣ್ಣಿಗೆ ಬೀಳುವುದು ಮುಂದಿನ ಬಾಗಿಲು ಮಾತ್ರ. ಮೇಲೆ ಹೋಗಿ ಬುರುಜಿನ ಹತ್ತಿರ ನಿಂತು ಕೆಳಗೆ ನೋಡಿದಾಗ ಗೊತ್ತಾಗುತ್ತದೆ, ನಾವು ನಡೆದುಬಂದ ಪ್ರತಿ ತಿರುವಿನ ಮೇಲೂ ಯಾರೋ ಕಣ್ಣಿಟ್ಟು ಕೂರುವ ಜಾಗ ಇತ್ತು ಅಂತ. ಇಳಿಯುವಾಗ ಅದೇ ಕಲ್ಲು, ಅದೇ ದಾರಿ, ಆದರೆ ಕಟ್ಟಿದವನ ತಲೆ ಹೇಗೆ ಓಡಿತ್ತು ಅಂತ ಕಾಣತೊಡಗುತ್ತದೆ. ಹತ್ತದೇ ಇದ್ದವರಿಗೆ ಮೇಲಿನಿಂದ ನಕ್ಷೆ ತೋರಿಸಿದರೆ ಈ ಅನುಭವ ಬರುವುದಿಲ್ಲ.

ಗಂಗಾಳ ವಿಷಯಕ್ಕೆ ಬರುತ್ತೇನೆ. ನಾನು ಮದುವೆಯಾಗಿ ಹೊಸ ಮನೆಗೆ ಬಂದ ಕಾಲದಲ್ಲಿ ಆ ಚಿತ್ರವನ್ನು ಮತ್ತೆ ನೋಡಿದೆ. ಮೊದಲು ನೋಡಿದಾಗ ನನ್ನ ಕಣ್ಣೆಲ್ಲ ದೆವ್ವದ ಮೇಲೆ, ಬೀಗ ಹಾಕಿದ ಕೋಣೆಯ ಮೇಲೆ. ಕಥೆಯೂ ಅನುಮಾನವನ್ನು ಮನೆಯ ಇನ್ನೊಬ್ಬ ಹುಡುಗಿಯ ಕಡೆಗೆ ತಳ್ಳುತ್ತದೆ, ನಾನೂ ಹಾಗೇ ಹೋದೆ. ಎರಡನೇ ಸಲ ನನ್ನ ಕಣ್ಣು ಪೂರ್ತಿ ಗಂಗಾಳ ಮೇಲೆ. ಅವಳಿಗೆ ಆ ಮನೆಯಲ್ಲಿ ತನ್ನದು ಅನ್ನುವುದು ಏನಿದೆ? ಗಂಡ ಒಳ್ಳೆಯವನೇ, ಆದರೆ ಅವನಿಗೆ ಕೆಲಸ. ಆ ಹಳೆಯ ನರ್ತಕಿಯ ಕಥೆಯಲ್ಲಿ ಅವಳು ಮುಳುಗುವುದು ಎಷ್ಟು ಸಹಜವಾಗಿ ನಡೆಯುತ್ತದೆ! ಹೊರಗೆ ಹೋಗುವುದು ಬೇಡ ಅಂತ ಗಂಡ ತಡೆದಾಗ ಅವಳ ಮುಖ ಬದಲಾಗುವ ದೃಶ್ಯ ಇದೆಯಲ್ಲ, ಮೊದಲ ಸಲ ಹೆದರಿಕೆ ಆಗಿತ್ತು. ಎರಡನೇ ಸಲ ಅಳು ಬಂತು.

ಗಂಗಾಳ ಪಾತ್ರ ಮಾಡಿದ ನಟಿ ಸೌಂದರ್ಯ ಅದೇ 2004ರ ಏಪ್ರಿಲ್‌ನಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಚಿತ್ರ ಬಂದಿದ್ದು ಆಗಸ್ಟ್‌ನಲ್ಲಿ. ನೋಡಿದವರೆಲ್ಲ ಆ ನೋವನ್ನು ಎದೆಯಲ್ಲಿ ಇಟ್ಟುಕೊಂಡೇ ನೋಡಿದರು. ಆ ಮುಖದಲ್ಲಿ ಎರಡು ಹೆಂಗಸರನ್ನು ತೋರಿಸಿದ್ದು ಸಣ್ಣ ಕೆಲಸ ಅಲ್ಲ. ಮಲಯಾಳಂನಲ್ಲಿ ಇದೇ ಪಾತ್ರಕ್ಕೆ ಶೋಭನಾಗೆ ರಾಷ್ಟ್ರಪ್ರಶಸ್ತಿ ಬಂದಿತ್ತು. ನಮ್ಮವರ ಕೆಲಸವೂ ಅದರ ಪಕ್ಕ ನಿಲ್ಲುವಂಥದ್ದು.


ಹಳೇ ಆಪರೇಟರ್, ದಾವಣಗೆರೆ

ನಾನು ಓದಿದ್ದು ಕಡಿಮೆ. ಆದರೆ ಟಾಕೀಸಿನ ಪ್ರೊಜೆಕ್ಟರ್ ರೂಮಿನಲ್ಲಿ ನನ್ನ ಆಯಸ್ಸಿನ ದೊಡ್ಡ ಪಾಲು ಕಳೆದಿದೆ. ಹಾಗಾಗಿ ನನಗೆ ಕಂಡಿದ್ದನ್ನು ಹೇಳುತ್ತೇನೆ.

ರೀಲಿನ ಕಾಲದಲ್ಲಿ ಎರಡು ಪ್ರೊಜೆಕ್ಟರ್ ಇರುತ್ತಿದ್ದವು. 2000 ಅಡಿಯ ಒಂದು ರೀಲು ಸುಮಾರು 22 ನಿಮಿಷ ಓಡುತ್ತದೆ. ಅದು ಮುಗಿಯುವ ಹೊತ್ತಿಗೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕಿ ಬಂದು ಹೋಗುತ್ತದೆ. ಆಗ ಎರಡನೇ ಮೆಷಿನ್ ಶುರು ಮಾಡಬೇಕು. ಕೆಲವೇ ಸೆಕೆಂಡಿಗೆ ಇನ್ನೊಂದು ಚುಕ್ಕಿ. ಆಗ ಇದರಿಂದ ಅದಕ್ಕೆ ಬದಲಾಯಿಸಬೇಕು. ಕೆಳಗೆ ಕೂತವರಿಗೆ ಗೊತ್ತೇ ಆಗಬಾರದು. ಹಾಗಾಗಿ ನಾವು ಪ್ರತಿ ಚಿತ್ರವನ್ನೂ ಸಣ್ಣ ಗಾಜಿನ ಕಿಂಡಿಯಿಂದ ಎಷ್ಟೋ ಸಲ ನೋಡುತ್ತಿದ್ದೆವು. ವಾರ ಕಳೆದ ಮೇಲೆ ಪರದೆ ನೋಡುವುದು ಕಡಿಮೆ ಆಗುತ್ತದೆ. ಜನರನ್ನು ನೋಡುತ್ತೇವೆ.

ಫೈಟ್ ಚಿತ್ರಕ್ಕೆ ಎರಡನೇ ಸಲ ಬಂದವನು ಫೈಟ್ ಬಂದಾಗ ಸೀಟಿ ಹೊಡೆಯುತ್ತಾನೆ. ಹಾಡಿನ ಚಿತ್ರಕ್ಕೆ ಬಂದವನು ಹಾಡಿಗೆ ಕಾಯುತ್ತಾನೆ. ಸಸ್ಪೆನ್ಸ್ ಚಿತ್ರಕ್ಕೆ ಎರಡನೇ ಸಲ ಬರುವವನು ಒಬ್ಬನೇ ಬರುವುದು ಅಪರೂಪ. ಜೊತೆಗೆ ನೋಡದೇ ಇರುವವನೊಬ್ಬನನ್ನು ಕರೆದುಕೊಂಡು ಬರುತ್ತಾನೆ. ಗುಟ್ಟು ಒಡೆಯುವ ಜಾಗ ಬಂದಾಗ ಇವನು ಪರದೆ ನೋಡುವುದಿಲ್ಲ, ಪಕ್ಕದವನ ಮುಖ ನೋಡುತ್ತಾನೆ. ಪರದೆಯ ಬೆಳಕು ಆ ಮುಖದ ಮೇಲೆ ಬಿದ್ದಿರುತ್ತದೆ. ಬಾಯಿ ತೆರೆದಿರುತ್ತದೆ, ಕೈಯಲ್ಲಿನ ಮಂಡಕ್ಕಿ ಪೊಟ್ಟಣ ಹಾಗೇ ನಿಂತಿರುತ್ತದೆ. ಕರೆದುಕೊಂಡು ಬಂದವನಿಗೆ ಅದನ್ನು ನೋಡಿಯೇ ಟಿಕೆಟ್ ದುಡ್ಡು ವಸೂಲಿ. ತಾನು ಮೊದಲ ಸಲ ಪಟ್ಟ ಸುಖವನ್ನು ಇನ್ನೊಬ್ಬರ ಮುಖದಲ್ಲಿ ನೋಡುವುದು. ಮೇಲಿನಿಂದ ನನಗೆ ಇದು ಎಷ್ಟೋ ಸಲ ಕಂಡಿದೆ.

ಇನ್ನೊಂದು ಮಾತು. ನಮ್ಮ ಜನಕ್ಕೆ ಹೆಸರು ಬರುವ ಹೊತ್ತಿಗೆ ಒಳಗೆ ಹೋದರೆ ಸಾಕು, ಇನ್ನೂ ಸ್ವಲ್ಪ ತಡವಾದರೂ ನಡೆಯುತ್ತದೆ ಅನ್ನುವ ಅಭ್ಯಾಸ. ಗೇಟಿನವನು ಟಾರ್ಚ್ ಹಿಡಿದು ಸೀಟು ತೋರಿಸುತ್ತಲೇ ಇರುತ್ತಾನೆ. ಇಂಥ ಚಿತ್ರದಲ್ಲಿ ಬೀಜ ಬಿತ್ತುವುದೇ ಮೊದಲ ಹತ್ತು ನಿಮಿಷದಲ್ಲಿ. ಅದು ತಪ್ಪಿದರೆ ಮುಂದೆ ಏನು ಹತ್ತುತ್ತದೆ ಹೇಳಿ?


ಹರಿಹರದ ಕಥೆಗಾರ

ಅಣ್ಣಾ, ನಿಮ್ಮ ಮಾತು ಓದಿ ಖುಷಿಯಾಯಿತು. ತಡವಾಗಿ ಬರುವವರ ವಿಷಯ ಹೇಳಿದಿರಲ್ಲ, 1960ರಲ್ಲಿ 'ಸೈಕೋ' ಬಿಡುಗಡೆಯಾದಾಗ ಹಿಚ್‌ಕಾಕ್ ಅದಕ್ಕೇ ಕಟ್ಟುನಿಟ್ಟು ಮಾಡಿದ್ದರು. ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದು ಅಂತ ಟಾಕೀಸುಗಳಿಗೆ ಷರತ್ತು. ಆಗ ಅಮೆರಿಕದಲ್ಲೂ ಜನ ಯಾವಾಗಂದರೆ ಆವಾಗ ಬಂದು ಕೂರುತ್ತಿದ್ದರು.

ಕಾರಣವೂ ಸ್ಪಷ್ಟ. ಆ ಚಿತ್ರದ ದೊಡ್ಡ ತಾರೆ ಜಾನೆಟ್ ಲೀ ಅರ್ಧಕ್ಕೂ ಮುಂಚೆ ಸಾಯುತ್ತಾರೆ. ತಡವಾಗಿ ಬಂದವರು ನಾಯಕಿ ಎಲ್ಲಿ ಅಂತ ಕೊನೆಯವರೆಗೆ ಹುಡುಕುತ್ತಾ ಕೂರಬೇಕಾಗುತ್ತಿತ್ತು. ಸ್ನಾನದ ಮನೆಯ ಆ ಕೊಲೆಗೆ 78 ಸಲ ಕ್ಯಾಮೆರಾ ಬೇರೆ ಬೇರೆ ಕಡೆ ಇಟ್ಟು, 52 ಕಟ್ ಹಾಕಿ ಜೋಡಿಸಿದ್ದಾರೆ. ಕಪ್ಪು ಬಿಳುಪು ಚಿತ್ರ ಆದ್ದರಿಂದ ರಕ್ತಕ್ಕೆ ಚಾಕೊಲೇಟ್ ಸಿರಪ್ ಬಳಸಿದ್ದರು.

ನನಗೆ ಅದರಲ್ಲಿ ಮುಖ್ಯ ಅನಿಸುವುದು ಕೊಲೆ ಆದ ಮೇಲಿನ ಭಾಗ. ಕೊಲೆ ನಡೆದ ಮೋಟೆಲ್ ನಡೆಸುವ ಹುಡುಗ ನೆಲ ಒರೆಸುತ್ತಾನೆ. ಹೆಣವನ್ನು ಕಾರಿನಲ್ಲಿ ಹಾಕಿ ಕೆಸರಿನ ಹೊಂಡಕ್ಕೆ ತಳ್ಳುತ್ತಾನೆ. ಕಾರು ಅರ್ಧ ಮುಳುಗಿ ನಿಂತುಬಿಡುತ್ತದೆ. ಅವನ ಮುಖದಲ್ಲಿ ಗಾಬರಿ. ಆ ಕ್ಷಣ ನೋಡುವವರೂ, ಅಯ್ಯೋ ಮುಳುಗಲಿ ಅಂತ ಬಯಸುತ್ತಾರೆ! ಕೊಲೆ ಮುಚ್ಚಿಹಾಕುವವನ ಪಕ್ಷಕ್ಕೆ ನಮ್ಮನ್ನು ನಮಗೆ ಗೊತ್ತಿಲ್ಲದೆ ಎಳೆದುಬಿಟ್ಟಿರುತ್ತಾರೆ. ಮನಶ್ಶಾಸ್ತ್ರದ ಥ್ರಿಲ್ಲರ್ ಅಂದರೆ ನನಗೆ ಇದು. ಪಾತ್ರದ ಮನಸ್ಸಿನ ಜೊತೆಗೆ ನೋಡುವವನ ಮನಸ್ಸನ್ನೂ ಬಿಚ್ಚಿ ತೋರಿಸುತ್ತದೆ.


ಚಳ್ಳಕೆರೆ ಮೇಷ್ಟ್ರು

ನೋಡು, ಕಾರು ಮುಳುಗುವ ದೃಶ್ಯದಲ್ಲಿ ಟ್ವಿಸ್ಟ್ ಎಲ್ಲಿದೆ? ನಾನು ಹೇಳುವುದೂ ಇದನ್ನೇ. ಒಳ್ಳೆಯದೆಲ್ಲ ಟ್ವಿಸ್ಟ್‌ನ ಹೊರಗೇ ಇದೆ.

ಅದೂ ಅಲ್ಲದೆ ಟ್ವಿಸ್ಟ್ ಅನ್ನುವುದು ಸುಳ್ಳಿಗೆ ಬಹಳ ಹತ್ತಿರ. ಅದೇ ಹಿಚ್‌ಕಾಕ್ 1950ರಲ್ಲಿ 'ಸ್ಟೇಜ್ ಫ್ರೈಟ್' ಅಂತ ಒಂದು ಚಿತ್ರ ಮಾಡಿದರು. ಅದರ ಶುರುವಿನಲ್ಲೇ ಒಬ್ಬ ಹಿಂದಿನ ಘಟನೆ ಹೇಳುತ್ತಾನೆ, ಅದು ಪರದೆಯ ಮೇಲೆ ಬರುತ್ತದೆ. ಕೊನೆಗೆ ನೋಡಿದರೆ ಆ ಕಥೆಯೇ ಸುಳ್ಳು. ಜನ ಸಿಟ್ಟಾದರು. ಮುಂದೆ ತ್ರೂಫೋ ಜೊತೆ ಮಾತಾಡುವಾಗ, ಅದನ್ನು ಮಾಡಬಾರದಿತ್ತು ಅಂತ ಅವರೇ ಹೇಳಿದ್ದಾರೆ. ಪಾತ್ರ ಬಾಯಲ್ಲಿ ಸುಳ್ಳು ಹೇಳಿದರೆ ಜನ ಒಪ್ಪುತ್ತಾರೆ, ಕಣ್ಣಿಗೆ ತೋರಿಸಿದ್ದು ಸುಳ್ಳಾದರೆ ಒಪ್ಪುವುದಿಲ್ಲ. ನಮ್ಮಲ್ಲಿ ಕೊನೆಗೆ ಎಲ್ಲ ಕನಸು ಅಂತ ಮಾಡಿ ಮುಗಿಸುವ ಚಿತ್ರಗಳಿವೆಯಲ್ಲ, ಎದ್ದು ಬರುವಾಗ ಯಾರೋ ಜೇಬಿಗೆ ಕೈ ಹಾಕಿದ ಹಾಗೆ ಅನಿಸುತ್ತದೆ.


ಹರಿಹರದ ಕಥೆಗಾರ

ಮೇಷ್ಟ್ರೇ, ಕೆಟ್ಟ ಟ್ವಿಸ್ಟ್‌ನ ವಿಷಯದಲ್ಲಿ ನಾನು ನಿಮ್ಮ ಕಡೆಯೇ. ನಾನೀಗ ಒಂದು ಕಿರುಚಿತ್ರ ಬರೆಯುತ್ತಿದ್ದೇನೆ, ಈ ಕಷ್ಟ ದಿನಾ ಎದುರಾಗುತ್ತದೆ. ಬಚ್ಚಿಡುವುದು ಬೇರೆ, ಸುಳ್ಳು ತೋರಿಸುವುದು ಬೇರೆ. ಒಂದು ಸುಳಿವನ್ನು ಬಚ್ಚಿಡಲು ಎಲ್ಲಕ್ಕಿಂತ ಒಳ್ಳೆಯ ಜಾಗ ಎಲ್ಲರ ಕಣ್ಣೆದುರು. ಅದೇ ಹೊತ್ತಿಗೆ ಜನರ ಗಮನ ಬೇರೆ ಕಡೆ ಇರಬೇಕು. ಜಗಳ ನಡೆಯುತ್ತಿರುವಾಗ, ನಗು ಬರುತ್ತಿರುವಾಗ, ಯಾರೋ ಅಳುತ್ತಿರುವಾಗ ಸುಳಿವು ಕೊಟ್ಟರೆ ಅದು ಕಣ್ಣಿಗೆ ಬೀಳುತ್ತದೆ, ತಲೆಗೆ ಹೋಗುವುದಿಲ್ಲ. 'ಸಿಕ್ಸ್ತ್ ಸೆನ್ಸ್'ನ ಹೋಟೆಲ್ ದೃಶ್ಯ ಹಾಗೇ. ಗಂಡ ಹೆಂಡತಿ ನಡುವೆ ಮಾತಿಲ್ಲದಿರುವುದಕ್ಕೆ ನಮಗೆ ಆಗಲೇ ಒಂದು ಸಹಜ ಕಾರಣ ಕೊಟ್ಟಾಗಿರುತ್ತದೆ. ಒಂದು ಕಾರಣ ಸಿಕ್ಕರೆ ಮನಸ್ಸು ಇನ್ನೊಂದನ್ನು ಹುಡುಕುವುದಿಲ್ಲ.


ಮನೋವೈದ್ಯ ಪಿಜಿ, ದಾವಣಗೆರೆ

ಸರ್, ನೀವು ಹೇಳಿದ ಕೊನೆಯ ಸಾಲು ನಮ್ಮ ಪಾಠಕ್ಕೆ ಹತ್ತಿರ. 1999ರಲ್ಲಿ ಸೈಮನ್ಸ್ ಮತ್ತು ಶಾಬ್ರಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಒಂದು ವಿಡಿಯೋ. ಬಿಳಿ ಅಂಗಿಯವರು, ಕಪ್ಪು ಅಂಗಿಯವರು ಬಾಸ್ಕೆಟ್‌ಬಾಲ್ ಪಾಸ್ ಮಾಡುತ್ತಿರುತ್ತಾರೆ. ಬಿಳಿ ಅಂಗಿಯವರು ಎಷ್ಟು ಪಾಸ್ ಮಾಡಿದರು ಅಂತ ಎಣಿಸಿ ಎಂದು ನೋಡುವವರಿಗೆ ಹೇಳುತ್ತಾರೆ. ನಡುವೆ ಗೊರಿಲ್ಲಾ ವೇಷದವರೊಬ್ಬರು ನಡೆದು ಬಂದು, ಎದೆ ಬಡಿದುಕೊಂಡು ಹೋಗುತ್ತಾರೆ. ಸುಮಾರು ಅರ್ಧ ಜನ ಅವರನ್ನು ನೋಡುವುದೇ ಇಲ್ಲ! ಕಣ್ಣು ತೆರೆದೇ ಇರುತ್ತದೆ. ಗಮನ ಎಣಿಕೆಯಲ್ಲಿ ಇರುತ್ತದೆ. ಒಳ್ಳೆಯ ಥ್ರಿಲ್ಲರ್ ನಮಗೆ ಎಣಿಸುವ ಕೆಲಸ ಕೊಟ್ಟು ಗೊರಿಲ್ಲಾವನ್ನು ಮುಂದೆಯೇ ನಡೆಸುತ್ತದೆ.

ಗುಟ್ಟು ಗೊತ್ತಿದ್ದರೆ ಮಜಾ ಹೋಗುತ್ತದಾ ಅನ್ನುವುದಕ್ಕೂ ಒಂದು ಅಧ್ಯಯನ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ 2011ರಲ್ಲಿ ಪ್ರಕಟಿಸಿದ್ದು. ಸಣ್ಣಕಥೆಗಳನ್ನು ಓದಲು ಕೊಟ್ಟರು, ಕೆಲವರಿಗೆ ಕೊನೆ ಮೊದಲೇ ಹೇಳಿಬಿಟ್ಟರು. ಒಟ್ಟಾರೆ ನೋಡಿದರೆ ಕೊನೆ ಗೊತ್ತಿದ್ದವರೇ ಕಥೆಗೆ ಜಾಸ್ತಿ ಅಂಕ ಕೊಟ್ಟರು, ತಿರುವಿನ ಕಥೆಗಳಿಗೂ ಸಹ. ಆಮೇಲೆ ಬೇರೆಯವರು ಮಾಡಿದ ಅಧ್ಯಯನಗಳಲ್ಲಿ ಉಲ್ಟಾ ಫಲಿತಾಂಶವೂ ಬಂದಿದೆ. ಹಾಗಾಗಿ ಇದೇ ಕೊನೆಯ ಮಾತು ಅಂತ ಹಿಡಿಯಬೇಡಿ.

ಈಗ ನನಗೆ ಮುಖ್ಯವಾದ ವಿಷಯ. ಈ ಚಿತ್ರಗಳನ್ನು ನಾನು ಪ್ರೀತಿಯಿಂದ ನೋಡುತ್ತೇನೆ, ಆದ್ದರಿಂದಲೇ ಹೇಳುತ್ತೇನೆ. ಇವುಗಳಲ್ಲಿ ಮನಸ್ಸಿನ ಕಾಯಿಲೆ ಬಂದರೆ ಕೊಲೆಯೂ ಬರಲೇಬೇಕು ಅನ್ನುವ ಹಾಗಾಗಿದೆ. ಮನೋರೋಗ ಇರುವವರಲ್ಲಿ ಬಹುಪಾಲು ಜನ ಯಾರಿಗೂ ಏನೂ ಮಾಡುವವರಲ್ಲ. ಅವರೇ ಬೇರೆಯವರಿಂದ ಏಟು ತಿನ್ನುವುದು ಜಾಸ್ತಿ. ಒಪಿಡಿಗೆ ಬರುವ ಮನೆಯವರು ಪಿಸುಮಾತಿನಲ್ಲಿ ಕೇಳುವ ಮೊದಲ ಪ್ರಶ್ನೆ, "ಇವಳು ಯಾರಿಗಾದರೂ ಏನಾದರೂ ಮಾಡಿಬಿಡುತ್ತಾಳಾ ಮೇಡಂ?" ಅಂತ. ಆ ಹೆದರಿಕೆ ಎಲ್ಲಿಂದ ಬಂತು ಅಂತ ಯೋಚಿಸಿದರೆ ಸಿನಿಮಾದ ಪಾಲೂ ಅದರಲ್ಲಿ ಇದೆ.

ಮೈಮೇಲೆ ಬರುವುದು ಅನ್ನುವ ಅನುಭವವನ್ನು ವೈದ್ಯಶಾಸ್ತ್ರ ತಳ್ಳಿಹಾಕುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗಪಟ್ಟಿಯಲ್ಲಿ, ಅಂದರೆ 11ನೇ ಆವೃತ್ತಿಯಲ್ಲಿ, ಇದಕ್ಕೆ ಬೇರೆಯೇ ಜಾಗ ಇದೆ. ಆದರೆ ಜಾತ್ರೆಯಲ್ಲಿ, ಪೂಜೆಯಲ್ಲಿ ಸಂಪ್ರದಾಯದಂತೆ ಬರುವುದನ್ನು ಅದು ಕಾಯಿಲೆ ಅನ್ನುವುದಿಲ್ಲ. ಬೇಡವೆಂದರೂ ಬಂದು ಆ ವ್ಯಕ್ತಿಗೆ ಕಷ್ಟ ಕೊಟ್ಟರೆ ಮಾತ್ರ ಕಾಯಿಲೆ. 'ಆಪ್ತಮಿತ್ರ'ದಲ್ಲಿ ನನಗೆ ತುಂಬಾ ಹಿಡಿಸಿದ್ದು ಡಾಕ್ಟರ್ ಮತ್ತು ಆಚಾರ್ಯರು ಕೈಜೋಡಿಸುವುದು. ನಾಗವಲ್ಲಿ ಸೇಡು ತೀರಿಸಿಕೊಳ್ಳಬೇಕೆಂದಿರುವ ರಾಜನ ಜಾಗದಲ್ಲಿ ಗೊಂಬೆ ಇಟ್ಟು ಕಾಯಿಲೆ ಒಂದೇ ರಾತ್ರಿಯಲ್ಲಿ ವಾಸಿ ಮಾಡುವುದು ಸಿನಿಮಾದಲ್ಲಿ ಮಾತ್ರ. ನಿಜದಲ್ಲಿ ತಿಂಗಳುಗಟ್ಟಲೆ ಮಾತು ಬೇಕು, ಮನೆಯವರ ತಾಳ್ಮೆ ಬೇಕು. ಯಾರಿಗಾದರೂ ಬೇಕಾದರೆ 14416ಕ್ಕೆ ಕರೆ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ಕನ್ನಡದಲ್ಲೇ ಮಾತಾಡಬಹುದು.


ಪಿಜೆ ಬಡಾವಣೆ ಹುಡುಗ, ದಾವಣಗೆರೆ

ಮೇಡಂ, ಇಷ್ಟು ವಿವರವಾಗಿ ಬರೆದಿದ್ದಕ್ಕೆ ಥ್ಯಾಂಕ್ಸ್. ಒಂದು ಕೇಳಬೇಕು. 2000ದಲ್ಲಿ ಬಂದ ನೋಲನ್ ಅವರ 'ಮೆಮೆಂಟೋ'ದಲ್ಲಿ ನಾಯಕನಿಗೆ ಹೊಸ ನೆನಪು ನಿಲ್ಲುವುದಿಲ್ಲ. ಮೈಮೇಲೆ ಹಚ್ಚೆ, ಕೈಯಲ್ಲಿ ಫೋಟೋ ಇಟ್ಟುಕೊಂಡು ಹೆಂಡತಿಯ ಕೊಲೆಗಾರನನ್ನು ಹುಡುಕುತ್ತಾನೆ. ಬಣ್ಣದ ದೃಶ್ಯಗಳು ಹಿಂದಕ್ಕೆ ಹೋಗುತ್ತವೆ, ಕಪ್ಪು ಬಿಳುಪಿನವು ಮುಂದಕ್ಕೆ ಬರುತ್ತವೆ, ಕೊನೆಯಲ್ಲಿ ಎರಡೂ ಸೇರುತ್ತವೆ. ಇಂಥ ಕಾಯಿಲೆ ನಿಜಕ್ಕೂ ಇದೆಯಾ?


ಮನೋವೈದ್ಯ ಪಿಜಿ, ದಾವಣಗೆರೆ

ಇದೆ. ನಮ್ಮ ಪುಸ್ತಕಗಳಲ್ಲಿ ಇದಕ್ಕೆ ಪ್ರಸಿದ್ಧ ಉದಾಹರಣೆ ಅಮೆರಿಕದ ಹೆನ್ರಿ ಮೊಲೈಸನ್. ಬದುಕಿದ್ದಷ್ಟು ದಿನ ಪುಸ್ತಕಗಳಲ್ಲಿ ಎಚ್.ಎಂ. ಅಂತ ಮಾತ್ರ ಬರೆಯುತ್ತಿದ್ದರು. ಫಿಟ್ಸ್ ತಡೆಯಲು 1953ರಲ್ಲಿ ಅವರ ಮೆದುಳಿನ ಒಂದು ಭಾಗ ತೆಗೆದರು. ಫಿಟ್ಸ್ ಕಡಿಮೆಯಾಯಿತು, ಆದರೆ ಹೊಸ ನೆನಪು ನಿಲ್ಲುವುದೇ ಹೋಯಿತು. ಹಳೆಯದು ಎಷ್ಟೋ ನೆನಪಿತ್ತು. ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಗೆರೆ ತಿದ್ದುವ ಕೆಲಸ ಕೊಟ್ಟಾಗ ದಿನದಿಂದ ದಿನಕ್ಕೆ ಕೈ ಪಳಗಿತು. ಆದರೆ ಪ್ರತಿ ಸಲವೂ ಇದನ್ನು ಮೊದಲ ಬಾರಿ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಿದ್ದರು. 2008ರಲ್ಲಿ ತೀರಿಕೊಂಡರು. ನೆನಪಿನ ಬಗ್ಗೆ ನಮಗೆ ಇವತ್ತು ಗೊತ್ತಿರುವುದರಲ್ಲಿ ದೊಡ್ಡ ಪಾಲು ಅವರಿಂದ ಬಂದಿದ್ದು.

'ಮೆಮೆಂಟೋ' ಈ ಸ್ಥಿತಿಯನ್ನು ಬರೀ ಹೇಳುವುದಿಲ್ಲ, ನಮ್ಮನ್ನೇ ಅದರೊಳಗೆ ಕೂರಿಸುತ್ತದೆ. ದೃಶ್ಯ ಶುರುವಾದಾಗ ಇದಕ್ಕೆ ಮುಂಚೆ ಏನಾಯಿತು ಅಂತ ನಾಯಕನಿಗೆ ಗೊತ್ತಿಲ್ಲ. ಹಿಂದಕ್ಕೆ ಹೋಗುವ ಜೋಡಣೆಯಿಂದ ನಮಗೂ ಗೊತ್ತಿಲ್ಲ. ಅವನ ಕಾಯಿಲೆ ಎರಡು ಗಂಟೆ ನಮ್ಮದೂ ಆಗುತ್ತದೆ. ರೋಗಿಯನ್ನು ಹೊರಗಿನಿಂದ ಹೆದರಿ ನೋಡುವುದಕ್ಕೂ ಒಳಗಿನಿಂದ ನೋಡುವುದಕ್ಕೂ ಇರುವ ಅಂತರ ಇದೇ. ನಾನು ಬಯಸುವುದು ಈ ಎರಡನೆಯ ಥರದ ಚಿತ್ರಗಳನ್ನು.


ದುರ್ಗದವಳು, ಚಿತ್ರದುರ್ಗ

ಈ ಮಾತು ನನಗೆ ತುಂಬಾ ಹಿಡಿಸಿತು ಮೇಡಂ. ಒಳಗಿನಿಂದ ನೋಡುವುದು. ಗಂಗಾ ನನಗೆ ಅತ್ತಿಗೆ ತಂಗಿಯರ ಹಾಗೆ ಕಂಡಿದ್ದೂ ಅದಕ್ಕೇ ಇರಬೇಕು.

ನಮ್ಮಲ್ಲಿ ಹೆಂಗಸರು ಇಂಥ ಚಿತ್ರ ನೋಡುವುದಿಲ್ಲ, ಅವರಿಗೆ ಸೀರಿಯಲ್ ಸಾಕು ಅಂತ ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತದೆ. ನಮ್ಮ ಅತ್ತೆ ಒಂದು ಚಿತ್ರದಲ್ಲಿ ಕೊಲೆಗಾರ ಯಾರು ಅಂತ ಇಂಟರ್ವಲ್‌ಗೂ ಮುಂಚೆ ಹೇಳುತ್ತಾರೆ. ಹೇಗೆ ಅಂತ ಕೇಳಿದರೆ, "ಅವನು ಮನೆಗೆ ಬಂದಾಗ ಮಕ್ಕಳ ಮುಖ ನೋಡಲಿಲ್ಲ ಕಣೇ" ಅನ್ನುತ್ತಾರೆ. ಮನೆಯಲ್ಲಿ ಯಾರು ಏನು ಹೇಳದೇ ಉಳಿಸಿಕೊಂಡಿದ್ದಾರೆ ಅಂತ ಜೀವನಪೂರ್ತಿ ಗಮನಿಸಿದ ಕಣ್ಣು ಅದು.


ಹಳೇ ಆಪರೇಟರ್, ದಾವಣಗೆರೆ

ತಂಗಿ, ನಿಮ್ಮ ಅತ್ತೆಯವರು ದೊಡ್ಡವರು ಬಿಡಿ.

ಮೇಷ್ಟ್ರಿಗೆ ಒಂದು ಮಾತು. ಗುಟ್ಟು ಗೊತ್ತಿದ್ದೂ ನೋಡುವ ಅಭ್ಯಾಸ ನಮ್ಮೂರಿಗೆ ಸಿನಿಮಾದಿಂದ ಬಂದಿದ್ದಲ್ಲ. ಇದು ನಾಟಕ ಕಂಪನಿಗಳ ಊರು. ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿ ದಾವಣಗೆರೆಯದ್ದೇ. ಒಂದೇ ನಾಟಕ ತಿಂಗಳುಗಟ್ಟಲೆ ಓಡುತ್ತಿತ್ತು, ನೋಡಿದವರೇ ಮತ್ತೆ ಬರುತ್ತಿದ್ದರು. ಮುಂದೇನು ಅಂತ ಅಲ್ಲ, ಇವತ್ತು ಆ ಮಾತನ್ನು ಹೇಗೆ ಹೇಳುತ್ತಾರೆ ಅಂತ ನೋಡಲು. ಯಾರು ವೇಷ ಮರೆಸಿ ಬಂದಿದ್ದಾರೆ ಅಂತ ಸಭೆಗೆಲ್ಲ ಗೊತ್ತು, ರಂಗದ ಮೇಲಿನವರಿಗೆ ಮಾತ್ರ ಗೊತ್ತಿಲ್ಲ. ಅದರ ಸುಖವೇ ಬೇರೆ.

ಕನಸಿನ ಚಿತ್ರಗಳ ಬಗ್ಗೆ ಬೈದಿರಿ, ಸರಿ. ಆದರೆ 'ಲೂಸಿಯಾ' ಬಿಟ್ಟು ಬೈಯಿರಿ. 2013ರದ್ದು, ಪವನ್ ಕುಮಾರ್ ಜನರಿಂದಲೇ ದುಡ್ಡು ಕೂಡಿಸಿ ಮಾಡಿದ್ದು. ಅದರ ನಾಯಕ ಟಾಕೀಸಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವವನು. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪು ಬಿಳುಪಿನಲ್ಲಿ. ಯಾವುದು ಕನಸು ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ, ನೋಡದವರು ನೋಡಿ. ಮೊದಲ ದೃಶ್ಯದಿಂದಲೇ ಕನಸಿನ ಮಾತು ಎದುರಿಗೇ ಇಟ್ಟಿದ್ದಾರೆ, ಕೊನೆಗೆ ತಂದು ಅಂಟಿಸಿದ್ದಲ್ಲ. ಟಾಕೀಸಿನ ಕತ್ತಲಲ್ಲಿ ಕೆಲಸ ಮಾಡಿದವನಿಗೆ ಆ ಚಿತ್ರ ಹೇಗೆ ತಟ್ಟುತ್ತದೆ ಅಂತ ನಾನು ಬರೆದು ಹೇಳಲಾರೆ.


ಚಳ್ಳಕೆರೆ ಮೇಷ್ಟ್ರು

ವೇಷ ಮರೆಸುವ ಮಾತು ಸರಿಯಾಗಿ ಹೇಳಿದಿರಿ. ಅದನ್ನು ನಾನು ಬಾಂಬ್ ಅಂತ ಕರೆದೆ, ನೀವು ವೇಷ ಅಂತ ಕರೆದಿರಿ.

ಒಂದಂತೂ ಬಿಟ್ಟುಕೊಡುವುದಿಲ್ಲ. ಮೊದಲ ಸಲದಲ್ಲೂ ಚಿತ್ರ ತನ್ನ ಕಾಲ ಮೇಲೆ ನಿಲ್ಲಬೇಕು. ಕೊನೆಯ ತಿರುವನ್ನು ಕತ್ತರಿಸಿ ಎಸೆದರೂ ಅಲ್ಲಿಯವರೆಗಿನ ಕಥೆಗೆ ಜೀವ ಇರಬೇಕು. ಸತ್ತವರು ಕಾಣುವ ಹುಡುಗ, ಅವನ ತಾಯಿ, ಅವರಿಬ್ಬರೂ ಕಾರಿನಲ್ಲಿ ಕೂತು ಅಜ್ಜಿಯ ಬಗ್ಗೆ ಮಾತಾಡುವ ದೃಶ್ಯ ಇದೆಯಲ್ಲ 'ಸಿಕ್ಸ್ತ್ ಸೆನ್ಸ್'ನಲ್ಲಿ, ಅದಕ್ಕೂ ಟ್ವಿಸ್ಟ್‌ಗೂ ಸಂಬಂಧವೇ ಇಲ್ಲ. ನನ್ನ ಕಣ್ಣು ತುಂಬಿದ್ದು ಅಲ್ಲಿ. ಅಂಥದ್ದು ಇದ್ದರೆ ತಿರುವು ಇರಲಿ, ನನ್ನ ತಕರಾರಿಲ್ಲ.


ಹರಿಹರದ ಕಥೆಗಾರ

ಈ ಚರ್ಚೆ ನನ್ನ ಕಿರುಚಿತ್ರಕ್ಕೆ ನೇರವಾಗಿ ಉಪಯೋಗಕ್ಕೆ ಬಂತು, ಅದಕ್ಕೆ ಎಲ್ಲರಿಗೂ ಹೇಳುತ್ತಿದ್ದೇನೆ. ಕಥೆ ಸಣ್ಣದು. ತುಂಗಭದ್ರೆಯ ದಂಡೆಯ ಒಂದು ಮನೆ. ತಮ್ಮ ಕಾಣೆಯಾಗಿದ್ದಾನೆ. ಅಣ್ಣ ಹುಡುಕುತ್ತಾನೆ. ಕೊನೆಗೆ ಅಣ್ಣನ ನೆನಪೇ ಏನನ್ನೋ ಮುಚ್ಚಿಟ್ಟಿದೆ ಅಂತ ತಿಳಿಯುತ್ತದೆ.

ಅಣ್ಣ ಬಸ್‌ಸ್ಟ್ಯಾಂಡಿನಲ್ಲಿ ತಮ್ಮನನ್ನು ಬೀಳ್ಕೊಡುವ ದೃಶ್ಯವನ್ನು ನಾನು ನಿಜವೆಂಬಂತೆ ತೋರಿಸಲು ಹೊರಟಿದ್ದೆ. ಆಮೇಲೆ ಅದು ಸುಳ್ಳು ಅಂತ ಹೇಳುವ ಯೋಚನೆ. ಮೇಷ್ಟ್ರ ಮಾತು ಓದಿದ ಮೇಲೆ ಅದನ್ನು ತೆಗೆದುಹಾಕಿದೆ. ಈಗ ಅಣ್ಣ ಆ ಕಥೆಯನ್ನು ಊಟ ಮಾಡುತ್ತಾ ಅಮ್ಮನಿಗೆ ಬಾಯಲ್ಲಿ ಹೇಳುತ್ತಾನೆ, ಅಷ್ಟೇ. ಕ್ಯಾಮೆರಾ ಅಮ್ಮನ ಮುಖದ ಮೇಲೆ ಇರುತ್ತದೆ. ಅವಳು ಬಡಿಸುತ್ತಾ ಬಡಿಸುತ್ತಾ ಎರಡು ತಟ್ಟೆ ಇಡಬೇಕಾದಲ್ಲಿ ಮೂರು ಇಡುತ್ತಾಳೆ, ತಕ್ಷಣ ಒಂದನ್ನು ವಾಪಸ್ ತೆಗೆಯುತ್ತಾಳೆ. ಮೊದಲ ಸಲ ನೋಡುವವರಿಗೆ ಅದು ತಾಯಿಯ ಮರೆವು. ಎರಡನೇ ಸಲ ನೋಡಿದರೆ ಅವಳಿಗೆ ಮೊದಲಿಂದಲೂ ಎಲ್ಲ ಗೊತ್ತಿತ್ತು ಅಂತ ಕಾಣಬೇಕು. ದುರ್ಗದ ಅಕ್ಕನ ಅತ್ತೆಯವರಿಗೆ ಇದು ಮೊದಲ ಸಲವೇ ಗೊತ್ತಾಗಿಬಿಡಬಹುದು, ಗೊತ್ತಾಗಲಿ.

ಮೇಡಂ, ಅಣ್ಣನ ಕಾಯಿಲೆಗೆ ನಾನು ಒಂದು ಹೆಸರು ಕೊಟ್ಟಿದ್ದೆ. ಈಗ ಅದನ್ನೂ ತೆಗೆದಿದ್ದೇನೆ. ಒಮ್ಮೆ ಚಿತ್ರಕಥೆ ಓದಿ ಹೇಳುತ್ತೀರಾ?


ಮನೋವೈದ್ಯ ಪಿಜಿ, ದಾವಣಗೆರೆ

ಖಂಡಿತ ಓದುತ್ತೇನೆ. ಕಳಿಸಿ. ಅಣ್ಣ ರಾತ್ರಿ ಹೇಗೆ ನಿದ್ದೆ ಮಾಡುತ್ತಾನೆ ಅನ್ನುವುದನ್ನು ಬರೆದಿದ್ದೀರಾ? ಅದನ್ನು ಸೇರಿಸಿ. ನಾವು ರೋಗಿಗಳನ್ನು ಮೊದಲು ಕೇಳುವ ಪ್ರಶ್ನೆಗಳಲ್ಲಿ ಅದೂ ಒಂದು.


ಹಳೇ ಆಪರೇಟರ್, ದಾವಣಗೆರೆ

ತಟ್ಟೆಯ ದೃಶ್ಯ ಚೆನ್ನಾಗಿದೆ ತಮ್ಮಾ. ಶೂಟಿಂಗ್ ಮುಗಿದ ಮೇಲೆ ಜೋಡಿಸಿದ್ದನ್ನು ಒಂದು ಹತ್ತು ಜನಕ್ಕೆ ತೋರಿಸು, ಸ್ನೇಹಿತರಿಗಲ್ಲ, ಕಥೆ ಗೊತ್ತಿಲ್ಲದವರಿಗೆ. ನೀನು ಮುಂದೆ ನಿಂತು ಅವರ ಮುಖ ನೋಡು. ಮೂರನೇ ತಟ್ಟೆ ಬಂದಾಗ ಯಾರಾದರೂ ಹುಬ್ಬು ಗಂಟಿಕ್ಕಿದರೆ ಆ ಶಾಟ್ ಸ್ವಲ್ಪ ಚಿಕ್ಕದು ಮಾಡು. ಯಾರೂ ಗಮನಿಸದಿದ್ದರೆ ಸ್ವಲ್ಪ ಉದ್ದ ಬಿಡು. ದಾವಣಗೆರೆಯಲ್ಲಿ ತೋರಿಸುವುದಾದರೆ ಪ್ರೊಜೆಕ್ಟರ್ ಕಟ್ಟಿ ಕೊಡಲು ನಾನು ಬರುತ್ತೇನೆ.